ಹರೆಯದ ಹುಡುಗಿ, ಹುಡುಗ ಪುನರ್ವಸತಿ ಚಿಕಿತ್ಸೆಗೆ ಬಂದಾಗ: ಮುಟ್ಟುವುದಕ್ಕಿಂತ ಮೊದಲು, ಮುಟ್ಟುವಾಗ, ಮನೆಗೆ ಕಳಿಸುವಾಗ

"ಮೇಡಂ, ಹದಿನಾಲ್ಕು ವರ್ಷದ ಹುಡುಗಿ ಬಂದಾಳ್ರಿ. ಹತ್ತಿ ಬಿಡಿಸಾಕ ಹೋಗುವಾಗ ಟಂಟಂ ಆಟೊ ಉರುಳಿ ಬೆನ್ನುಹುರಿಗೆ ಪೆಟ್ಟಾಗೇತಿ. ಇವತ್ತು ಲೇಡಿ ಸ್ಟಾಫ್ ಯಾರೂ ಇಲ್ಲ. ನಾನು ಕೈ ಹಚ್ಚಲೇನ್ರಿ, ಬ್ಯಾಡೇನ್ರಿ?"

ಇಂಥ ಫೋನು ಒಮ್ಮೆ ಸಿಂಧನೂರಿನಿಂದ ಬರುತ್ತದೆ, ಒಮ್ಮೆ ಕುಷ್ಟಗಿಯಿಂದ, ಒಮ್ಮೆ ಸಿರುಗುಪ್ಪದಿಂದ. ಕೇಳುವವರು ಹೊಸದಾಗಿ ಕೆಲಸಕ್ಕೆ ಸೇರಿದ ಫಿಸಿಯೋಗಳು (ಫಿಸಿಯೋಥೆರಪಿಸ್ಟರು), ವಾರ್ಡಿನ ಸಿಸ್ಟರ್‌ಗಳು, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಪಂಚಾಯ್ತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಬಳ್ಳಾರಿ ಸೀಮೆಯಲ್ಲಿ ಬಹಳ ವರ್ಷ ಇದೇ ಕೆಲಸ ಮಾಡಿದವಳಾದ್ದರಿಂದ ನನ್ನನ್ನು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಅದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿದ್ದೇನೆ.

ಕೈ ಹಚ್ಚಬಹುದು. ಗಂಡು ಫಿಸಿಯೋ ಹೆಣ್ಣುಮಗುವಿಗೆ ವ್ಯಾಯಾಮ ಮಾಡಿಸಬಾರದು ಅಂತ ಏನೂ ಇಲ್ಲ. ಲೇಡಿ ಸ್ಟಾಫ್ ಬರಲಿ ಅಂತ ಮೂರು ದಿನ ಹಾಗೇ ಮಲಗಿಸಿದರೆ ಬೆನ್ನಿನ ಮೇಲೆ ಹಾಸಿಗೆ ಹುಣ್ಣು ಎದ್ದಿರುತ್ತದೆ. ಮರ್ಯಾದೆಗೆ ಹೆದರಿ ಚಿಕಿತ್ಸೆ ನಿಲ್ಲಿಸುವುದು ಆ ಹುಡುಗಿಗೆ ಮಾಡುವ ಮೊದಲ ಅನ್ಯಾಯ. ಆದರೆ ಹೇಗೆ ಹಚ್ಚಬೇಕು ಅನ್ನುವುದಕ್ಕೆ ಒಂದು ಕ್ರಮ ಇದೆ.

ಇದನ್ನೇ ಲಿಂಗ ಸಂವೇದನೆಯ ಪುನರ್ವಸತಿ ಚಿಕಿತ್ಸೆ ಅನ್ನುವುದು. ಆ ಎರಡು ಪದ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಪುನರ್ವಸತಿ ಅಂದರೆ ಜನಕ್ಕೆ 2009ರ ನೆರೆಯ ನಂತರ ಕಟ್ಟಿದ ಆಸರೆ ಮನೆಗಳು ನೆನಪಾಗುತ್ತವೆ. ಇಲ್ಲಿ ಹೇಳುತ್ತಿರುವುದು ಪೆಟ್ಟು, ಸುಟ್ಟಗಾಯ, ಹುಟ್ಟಿನಿಂದ ಬಂದ ತೊಂದರೆ, ಕಾಲು ತೆಗೆದದ್ದು ಇಂಥವುಗಳ ನಂತರ ಮೈಯನ್ನು ಮತ್ತೆ ದಿನನಿತ್ಯದ ಬದುಕಿಗೆ ಅಣಿ ಮಾಡುವ ಚಿಕಿತ್ಸೆ. ಲಿಂಗ ಸಂವೇದನೆ ಅಂದರೆ ಹೆಣ್ಣಿಗೆ ಹೆಣ್ಣು, ಗಂಡಿಗೆ ಗಂಡು ಅಂತ ಹಂಚಿ ಕೈ ತೊಳೆದುಕೊಳ್ಳುವುದಲ್ಲ. ಹೆಣ್ಣು ಅಥವಾ ಗಂಡು ಅನ್ನುವ ಕಾರಣಕ್ಕೇ ಈ ಮಗುವಿಗೆ ಎಲ್ಲಿ ಚಿಕಿತ್ಸೆ ತಪ್ಪುತ್ತಿದೆ, ಎಲ್ಲಿ ನಾಚಿಕೆ ಆಗುತ್ತಿದೆ ಅಂತ ನೋಡಿ ಸರಿಪಡಿಸುವುದು.

ಕೈಯಳತೆಯಲ್ಲಿ ಇರಬೇಕಾದವು

ಗಾಲಿ ಇರುವ ಪರದೆ ಒಂದು. ಇಲ್ಲದಿದ್ದರೆ ಹಗ್ಗ ಮತ್ತು ಹಳೇ ಸೀರೆ. ಎರಡು ಬೆಡ್‌ಶೀಟು. ಮಂಚಕ್ಕೆ ಹೆಣೆಯುವ ನವಾರಿನಿಂದ ಹೊಲಿಸಿದ ನಾಲ್ಕು ಬೆರಳು ಅಗಲದ ಸೊಂಟದ ಪಟ್ಟಿ. ಸಣ್ಣ ಕನ್ನಡಿ. ಒಂದು ಪಾಕೆಟ್ ಪ್ಯಾಡು. ಕರೆದರೆ ಬರುವ ಒಬ್ಬ ಹೆಣ್ಣುಮಗಳು, ಒಬ್ಬ ಗಂಡಸು. ಆಯಾ ಆದರೂ ಸರಿ, ವಾರ್ಡ್ ಬಾಯ್ ಆದರೂ ಸರಿ. ಇಷ್ಟಕ್ಕೆ ಇಂಡೆಂಟ್ (ಸಾಮಾನಿನ ಬೇಡಿಕೆ ಪತ್ರ) ಹಾಕಿ ಕಾಯಬೇಕಿಲ್ಲ.

1. ಮೊದಲ ಮಾತು ಮಗುವಿನ ಹತ್ತಿರ

ಕೇಸ್ ಶೀಟು ಹಿಡಿದು ನೇರ ಅಪ್ಪನ ಹತ್ತಿರ ಮಾತಾಡುವುದು ನಮ್ಮೆಲ್ಲರ ಚಾಳಿ. "ಏನಾಗಿತ್ರಿ ಇವಳಿಗೆ?" ಅಂತ ಹುಡುಗಿಯ ತಲೆ ಮೇಲಿಂದ ಕೇಳುತ್ತೇವೆ. ಅದರ ಬದಲು ಸ್ಟೂಲು ಎಳೆದುಕೊಂಡು ಕೂತು, ಕಣ್ಣು ಅವಳ ಕಣ್ಣಿನ ಮಟ್ಟಕ್ಕೆ ತಂದು, "ನಿನ್ನ ಏನಂತ ಕರೀಲವ್ವ?" ಅಂತ ಶುರು ಮಾಡಿ. ಆಮೇಲೆ ಮನೆಯವರನ್ನು ಮಾತಾಡಿಸಿ. ಕೊನೆಗೆ ಐದು ನಿಮಿಷ ಮಗು ಒಂದೇ ಇರುವಾಗ ಮಾತಾಡಿ, ಮನೆಯವರು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಇರಲಿ. ಆ ಐದು ನಿಮಿಷದಲ್ಲಿ ಬರುವ ಮಾಹಿತಿ ಬೇರೆಲ್ಲೂ ಬರುವುದಿಲ್ಲ.

"ಏನಂತ ಕರೀಲಿ" ಅನ್ನುವ ಪ್ರಶ್ನೆಗೆ ಇನ್ನೊಂದು ಉಪಯೋಗ ಇದೆ. ಹುಲಿಗೆಮ್ಮನ ಹುಣ್ಣಿಮೆಗೆ ಹೋಗಿಬರುವ ನಾಡು ನಮ್ಮದು, ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತ ದೇವಿಯ ಸೇವೆ ಮಾಡುವ ಜೋಗಪ್ಪಗಳು ನಮಗೆ ಹೊಸಬರಲ್ಲ. ಅದೇ ಪರಂಪರೆಯ ಜಾನಪದ ಕಲಾವಿದೆ, ಇದೇ ಸೀಮೆಯ ಮಂಜಮ್ಮ ಜೋಗತಿ ಅವರಿಗೆ 2021ರ ಪದ್ಮಶ್ರೀ ಬಂದಾಗ ಎಲ್ಲರೂ ಸ್ಟೇಟಸ್ ಹಾಕಿದೆವು. ಆದರೆ ಹಾಜರಿಯಲ್ಲಿ ಗಂಡು ಹೆಸರಿದ್ದು ಜಡೆ ಬಿಟ್ಟ ಹದಿನೇಳರ ಮಗು ವಾರ್ಡಿಗೆ ಬಂದಾಗ ನಾಲ್ಕು ಜನ ಬಾಗಿಲಲ್ಲಿ ಬಂದು ಇಣುಕುತ್ತಾರೆ. ಆ ಮಗು ಹೇಳಿದ ಹೆಸರಿನಿಂದಲೇ ಕರೆಯಿರಿ. ಯಾವ ವಾರ್ಡಿನಲ್ಲಿ ಮಲಗಿದರೆ ಧೈರ್ಯ ಅನ್ನುವುದನ್ನು ಅವರನ್ನೇ ಕೇಳಿ. ಚಿಕಿತ್ಸೆಗೆ ಬೇಕಿಲ್ಲದ ಪ್ರಶ್ನೆ ಬೇಡ. ಆರೋಗ್ಯ ಸೇವೆಯಲ್ಲಿ ಭೇದ ಮಾಡಬಾರದು ಅಂತ ಲಿಂಗತ್ವ ಅಲ್ಪಸಂಖ್ಯಾತರ ರಕ್ಷಣೆಯ 2019ರ ಕಾಯ್ದೆಯೇ ಹೇಳುತ್ತದೆ.

2. ಒಪ್ಪಿಗೆ ಎರಡು ಸಲ

ಹದಿನೆಂಟು ತುಂಬದವರಿಗೆ ಸಹಿ ಹಾಕುವುದು ತಂದೆ-ತಾಯಿ. ಆದರೆ ಮೈ ಮಗುವಿನದು. ಅದರ ಬಾಯಿಂದಲೂ ಹೂಂ ಬರಬೇಕು. ಕೇಳುವ ರೀತಿ ಹೀಗೆ: "ಈಗ ನಿನ್ನ ತೊಡೀ ಹಿಂದಿನ ನರ ಎಳೀತೀನಿ. ಒಂದ್ ಕೈ ಮೊಣಕಾಲ ಮ್ಯಾಲ, ಒಂದ್ ಕೈ ಹಿಮ್ಮಡಿ ಕೆಳಗ ಇಡ್ತೀನಿ. ಬ್ಯಾಡ ಅನಿಸಿದ್ರ ಕೈ ಎತ್ತು, ನಿಲ್ಲಸ್ತೀನಿ. ಮಾಡಲೇನು?" ಏನು ಮಾಡುತ್ತೇನೆ, ಎಲ್ಲಿ ಮುಟ್ಟುತ್ತೇನೆ, ಹೇಗೆ ನಿಲ್ಲಿಸಬಹುದು. ಮಾತು ಬಾರದ ಮಕ್ಕಳಿಗೆ ಕಣ್ಣು ಮಿಟುಕಿಸುವುದು, ನಾಲಿಗೆ ಲೊಟ್ಟೆ ಹೊಡೆಯುವುದು, ಏನಾದರೊಂದು ಗುರುತು ಗೊತ್ತು ಮಾಡಿ.

ಎಲ್ಲರೂ ಎಡವುವುದು ಇಲ್ಲಿ: ಕೈ ಎತ್ತಿದಾಗ "ಇನ್ನೊಂದೇ ಸಲ, ಇನ್ನೊಂದೇ" ಅಂತ ಮುಂದುವರಿಸುತ್ತೇವೆ. ಹಾಗೆ ಒಮ್ಮೆ ಮಾಡಿದರೂ ಆ ಗುರುತಿಗೆ ಬೆಲೆ ಹೋಯಿತು. ಮರುದಿನದಿಂದ ಮಗು ಕೈ ಎತ್ತುವುದಿಲ್ಲ, ಮೈ ಬಿಗಿ ಹಿಡಿಯುತ್ತದೆ. ಬಿಗಿ ಹಿಡಿದ ಮೈಯಲ್ಲಿ ಎಳೆತ ಬರುವುದಿಲ್ಲ.

3. ಜೊತೆಗೆ ಯಾರು ಇರಬೇಕು

ತಪಾಸಣೆ, ವ್ಯಾಯಾಮದ ಹೊತ್ತಿನಲ್ಲಿ ಮಗುವಿಗೆ ಒಪ್ಪಿಗೆಯಾದ ದೊಡ್ಡವರೊಬ್ಬರು ಪಕ್ಕದಲ್ಲಿ ಇರುವುದು ಮಗುವಿಗೂ ರಕ್ಷಣೆ, ನಿಮಗೂ ರಕ್ಷಣೆ. ಚಿಕಿತ್ಸೆ ಕೊಡುವವರು ಯಾರೇ ಇರಲಿ, ಮಗು ಹುಡುಗ ಇರಲಿ ಹುಡುಗಿ ಇರಲಿ, ಇದು ಬೇಕೇ ಬೇಕು. ಯಾರು ಅಂತ ಮಗುವನ್ನು ಕೇಳಿ. ಅವ್ವನೇ ಆಗಬೇಕೆಂದಿಲ್ಲ. ಬಾಲ್ಯವಿವಾಹ ಆಗಿಹೋದ ಹುಡುಗಿಯ ಜೊತೆ ಅತ್ತೆ ಬಂದಿರುತ್ತಾಳೆ. ಅವಳೆದುರು ಹುಡುಗಿ ಬಾಯಿ ಬಿಡುವುದಿಲ್ಲ.

ಇನ್ನೊಂದು ಕಷ್ಟ: ತಾಯಿ ಕೂಲಿಗೆ ಹೋಗಿ ಉಳಿದ ಮಕ್ಕಳನ್ನೂ ನೋಡಿಕೊಳ್ಳಬೇಕಾಗಿ, ಆಸ್ಪತ್ರೆಯಲ್ಲಿ ಹುಡುಗಿಯ ಜೊತೆ ಉಳಿದವನು ಅಪ್ಪ ಅಥವಾ ಅಣ್ಣ. ಬೆಡ್‌ಪ್ಯಾನು ಯಾರು ಇಡಬೇಕು? ಹುಡುಗಿ ಹೇಳುವುದಿಲ್ಲ, ತಡೆದುಕೊಂಡು ಮಲಗಿರುತ್ತಾಳೆ. ಮೊದಲ ದಿನವೇ ಆಯಾಗೆ ಹೇಳಿ ಹೊತ್ತು ಗೊತ್ತು ಮಾಡಿ. ಮಾನಸಿಕ ಆರೋಗ್ಯ ಕೇಂದ್ರಕ್ಕೆ ಸೇರಿಸಿದ ಅಪ್ರಾಪ್ತ ಹುಡುಗಿಯಾದರೆ ಇದು ಕಾನೂನೇ ಆಗಿದೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅವಳ ಪ್ರತಿನಿಧಿ ಗಂಡಸಾಗಿದ್ದರೆ, ಜೊತೆಗೆ ಉಳಿಯಲು ಒಬ್ಬ ಹೆಣ್ಣುಮಗಳನ್ನು ನೇಮಿಸಲೇಬೇಕು. ಅಪ್ರಾಪ್ತರನ್ನು ದೊಡ್ಡವರ ಜೊತೆ ಒಂದೇ ಕಡೆ ಇಡುವಂತೆಯೂ ಇಲ್ಲ.

4. ಮರೆ, ಬಟ್ಟೆ, ಹಿಡಿತ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಲ್ಲ ತಕರಾರು ಹುಟ್ಟುವುದು ಇಲ್ಲೇ.

ಮರೆ ಅಂದರೆ ಮಂಚದಲ್ಲಿ ಮಲಗಿದವರ ಕಣ್ಣಿನಿಂದ ನೋಡಿ ಕಟ್ಟಿದ ಮರೆ. ನಾವು ನಿಂತು ನೋಡಿ ಸರಿಯಾಗಿದೆ ಅಂದುಕೊಳ್ಳುತ್ತೇವೆ; ಮಲಗಿದವರಿಗೆ ಪರದೆಯ ಕೆಳಗಿಂದ ಓಡಾಡುವವರ ಕಾಲು, ಬಗ್ಗಿದರೆ ಮುಖ, ಎಲ್ಲ ಕಾಣುತ್ತದೆ. ಒಮ್ಮೆ ನೀವೇ ಆ ಮಂಚದ ಮೇಲೆ ಮಲಗಿ ನೋಡಿ. ಏಪ್ರಿಲ್-ಮೇ ತಿಂಗಳಲ್ಲಿ ಪರದೆ ಹಾಕಿದರೆ ಗಾಳಿ ಇಲ್ಲ. ಬೆನ್ನುಹುರಿ ಪೆಟ್ಟಿನವರಿಗೆ ಪೆಟ್ಟಾದ ಜಾಗದ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ, ಮೈ ಬೇಗ ಕಾಯುತ್ತದೆ. ರಾಯಚೂರಿನ ಬಿಸಿಲಿನಲ್ಲಿ ಇದು ಆಟವಲ್ಲ. ಬೇಸಿಗೆಯಲ್ಲಿ ಮೈ ತೆರೆಯಬೇಕಾದ ಚಿಕಿತ್ಸೆಯನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸಿ, ಉಳಿದದ್ದನ್ನು ಪರದೆ ಇಲ್ಲದೆ ಫ್ಯಾನಿನ ಕೆಳಗೆ ಮಾಡಿಸಿ.

ಬೇಕಾದ ಭಾಗ ಮಾತ್ರ ತೆರೆಯಿರಿ. ಎಡಗಾಲಿಗೆ ವ್ಯಾಯಾಮವಾದರೆ ಬಲಗಾಲು, ಸೊಂಟ ಬೆಡ್‌ಶೀಟಿನ ಒಳಗೆ. ತೆರೆಯುವ ಕೆಲಸ ಮಗುವಿಗೆ ಆಗುವಂತಿದ್ದರೆ ಅದರ ಕೈಯಿಂದಲೇ ಆಗಲಿ. ಲಂಗ, ನೈಟಿ ಹಾಕಿಕೊಂಡು ಬಂದ ಹುಡುಗಿಗೆ ಸೊಂಟ ಎತ್ತುವ ವ್ಯಾಯಾಮ ಹೇಳಿದರೆ ಆಕೆಯ ಎರಡೂ ಕೈ ಬಟ್ಟೆ ಹಿಡಿಯುವುದರಲ್ಲೇ ಇರುತ್ತವೆ. "ಸರಿಯಾಗಿ ಮಾಡವಲ್ಲಳು" ಅಂತ ನೀವು ಬರೆಯುತ್ತೀರಿ. ನಾಳೆಯಿಂದ ಸಡಿಲ ಪೈಜಾಮ ತರಲು ಹೇಳಿ. ಲಾಡಿ ಬೇಡ, ಎಲಾಸ್ಟಿಕ್ ಹಾಕಿಸಲಿ. ಒಂದು ಕೈ ಸ್ವಾಧೀನವಿಲ್ಲದವರಿಗೆ ಲಾಡಿ ಕಟ್ಟಲು ದಿನಕ್ಕೆ ನಾಲ್ಕು ಸಲ ಇನ್ನೊಬ್ಬರ ಕೈ ಬೇಕು. ಚೂಡಿದಾರದ ವೇಲನ್ನು ತೆಗೆಸಬೇಡಿ, ಎರಡೂ ತುದಿಗೆ ಪಿನ್ನು ಹಾಕಿಸಿ. ವೇಲು ಗಾಲಿಕುರ್ಚಿಯ ಚಕ್ರಕ್ಕೆ ಸಿಕ್ಕಿಕೊಂಡರೆ ಕುತ್ತಿಗೆಗೇ ಅಪಾಯ.

ಎಬ್ಬಿಸಿ ನಿಲ್ಲಿಸುವಾಗ ಕಂಕುಳಿಗೆ ಕೈ ಹಾಕಬೇಡಿ. ಹುಡುಗಿಗೆ ಎದೆಗೆ ಕೈ ತಾಗುತ್ತದೆ. ಹುಡುಗನಾದರೂ ಹುಡುಗಿಯಾದರೂ ಬಲವಿಲ್ಲದ ಭುಜ ಕೀಲಿನಿಂದ ಜಾರುತ್ತದೆ. ನವಾರಿನ ಪಟ್ಟಿಯನ್ನು ಬಟ್ಟೆಯ ಮೇಲೆ ಸೊಂಟಕ್ಕೆ ಕಟ್ಟಿ, ಬೆನ್ನ ಕಡೆಯಿಂದ ಹಿಡಿಯಿರಿ. ನನ್ನ ಕೆಲಸದಲ್ಲಿ ಇಷ್ಟು ಅಗ್ಗದ, ಇಷ್ಟು ತಕರಾರು ತಪ್ಪಿಸಿದ ಇನ್ನೊಂದು ಸಾಮಾನು ನಾನು ಕಂಡಿಲ್ಲ.

ಹುಡುಗರಿಗೆ ಮರೆ ಬೇಡ ಅಂತ ಯಾರು ಹೇಳಿದರೋ. ನಾನೇ ಒಮ್ಮೆ ಹದಿಮೂರರ ಸುಟ್ಟಗಾಯದ ಹುಡುಗನಿಗೆ ಆರೇಳು ವಿದ್ಯಾರ್ಥಿನಿಯರೆದುರು "ಶರ್ಟ್ ತೆಗಿಯೋ" ಅಂದೆ. ತೆಗೆದ. ಮೂರು ವಾರ ಮತ್ತೆ ಬರಲಿಲ್ಲ. ಬಂದಾಗ ಕಂಕುಳ ಚರ್ಮ ಮುದುಡಿ ಕೈ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ.

ಸುಟ್ಟಗಾಯದ ಮಾತು ಬಂತು: ಮೈ ನೆರೆಯದ ಹುಡುಗಿಗೆ ಎದೆಯ ಮೇಲೆ ಸುಟ್ಟಿದ್ದರೆ, ಬೆಳೆಯುವ ವಯಸ್ಸಿನಲ್ಲಿ ಗಡಸು ಕಲೆ ಎದೆಯ ಬೆಳವಣಿಗೆಯನ್ನು ಅದುಮುತ್ತದೆ. ಗಾಯ ಮಾಯಿತು ಅಂತ ಫೈಲು ಮುಚ್ಚಬೇಡಿ. ಹರೆಯ ಬರುವ ಹೊತ್ತಿಗೆ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಮತ್ತೆ ತೋರಿಸಬೇಕು ಅಂತ ತಾಯಿಗೆ ಹೇಳಿ, ಚೀಟಿಯಲ್ಲೂ ಬರೆದುಕೊಡಿ.

5. ಉಚ್ಚೆಯ ಲೆಕ್ಕ

ಬೆನ್ನುಹುರಿ ಪೆಟ್ಟಿನ ಅನೇಕರಿಗೆ ನಾಲ್ಕರಿಂದ ಆರು ಗಂಟೆಗೊಮ್ಮೆ ತೆಳುವಾದ ಪೈಪು ಹಾಕಿ ಮೂತ್ರ ತೆಗೆದು, ಪೈಪು ಹೊರಗೆ ಎಳೆಯುವ ಪದ್ಧತಿ ಹೇಳುತ್ತಾರೆ. ಕೈಯಲ್ಲಿ ಶಕ್ತಿ ಇರುವ ಮಗು ಇದನ್ನು ತಾನೇ ಕಲಿಯಬಹುದು, ಕಲಿಯಬೇಕು. ಹುಡುಗರು ಬೇಗ ಕಲಿಯುತ್ತಾರೆ. ಹುಡುಗಿಯರಿಗೆ ಜಾಗ ಕಾಣುವುದಿಲ್ಲ, ಮೊದಲು ಕನ್ನಡಿ ಬೇಕು. ಅಭ್ಯಾಸವಾದ ಮೇಲೆ ಬೆರಳಿನ ಅಂದಾಜು ಸಾಕು. ಕಲಿಸುವುದು ಸಿಸ್ಟರ್ ಆಗಲಿ. "ಅಪ್ಪ ಹಾಕ್ತಾನ ಬಿಡ್ರಿ" ಅಂತ ಬಿಟ್ಟರೆ ಅಪ್ಪ ಊರಲ್ಲಿಲ್ಲದ ದಿನ ಹುಡುಗಿಯ ಗತಿ ಏನು?

ನೀರು ಕುಡಿಯುವುದನ್ನೂ ಕೇಳಿ. ಶಾಲೆಯಲ್ಲಿ ಗಾಲಿಕುರ್ಚಿ ಒಳಗೆ ಹೋಗುವಂಥ ಶೌಚಾಲಯ ಇಲ್ಲದಿದ್ದರೆ ಹುಡುಗಿಯರು ಬೆಳಿಗ್ಗೆಯಿಂದ ನೀರನ್ನೇ ಮುಟ್ಟುವುದಿಲ್ಲ. ನಮ್ಮ ಸೆಕೆಗೆ ಅದು ಮೂತ್ರದ ಸೋಂಕಿಗೂ ಕಲ್ಲಿಗೂ ದಾರಿ. "ದಿನಾ ನೀರು ಕುಡಿ" ಅಂತ ಬೈದರೆ ಪ್ರಯೋಜನವಿಲ್ಲ, ಹೆಡ್ ಮಾಸ್ತರರಿಗೆ ಫೋನು ಮಾಡಿ.

6. ಮುಟ್ಟು

ಹತ್ತು ದಾಟಿದ ಪ್ರತಿ ಹುಡುಗಿಯ ಕೇಸ್ ಶೀಟಿನಲ್ಲಿ ದೊಡ್ಡಾಕಿ ಆಗಿದ್ದಾಳೋ ಇಲ್ಲವೋ, ಕೊನೆಯ ಮುಟ್ಟು ಯಾವಾಗ ಅಂತ ಬರೆದಿರಬೇಕು. ಬೆನ್ನುಹುರಿ ಪೆಟ್ಟಿನ ನಂತರ ಕೆಲವು ತಿಂಗಳು ಮುಟ್ಟು ನಿಲ್ಲುವುದುಂಟು, ಆಮೇಲೆ ಸಾಮಾನ್ಯವಾಗಿ ಮರಳುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮನೆಯಲ್ಲಿ "ಇನ್ನ ಇಕಿಗೆ ಮಕ್ಕಳಾಗಂಗಿಲ್ಲ" ಅಂತ ತೀರ್ಪು ಆಗಿಹೋಗಿರುತ್ತದೆ. ತಪ್ಪು ಮಾತು. ಮುಂದೆ ವಯಸ್ಸಿಗೆ ಬಂದ ಮೇಲೆ ಗರ್ಭ ಧರಿಸುವ ಶಕ್ತಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಸ್ಪರ್ಶ ಇಲ್ಲದ ಕಡೆ ಪ್ಯಾಡು ಮಡಚಿದರೂ ಒತ್ತಿದರೂ ಗೊತ್ತಾಗುವುದಿಲ್ಲ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು, ಪ್ರತಿ ಸಲ ಕನ್ನಡಿ ಹಿಡಿದು ಚರ್ಮ ಕೆಂಪಾಗಿದೆಯಾ ನೋಡಬೇಕು. ಎದೆಯ ನಡುಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಿಗೆ ಮುಟ್ಟಿನ ಹೊಟ್ಟೆನೋವೂ ಬಿಪಿಯನ್ನು ಸರ್ರನೆ ಏರಿಸಬಹುದು: ತಲೆ ಸಿಡಿಯುವಂಥ ನೋವು, ಮುಖ ಕೆಂಪು, ಹಣೆಯಲ್ಲಿ ಬೆವರು. ತಲೆನೋವು ಅಂತ ಮಲಗಿಸಬೇಡಿ. ಎಬ್ಬಿಸಿ ಕೂಡಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಮೂತ್ರದ ಚೀಲ ತುಂಬಿದೆಯಾ, ಪೈಪು ಮಡಚಿದೆಯಾ ನೋಡಿ, ಡಾಕ್ಟರನ್ನು ಕರೆಯಿರಿ.

ಇನ್ನು ನಮ್ಮ ಊರುಗಳ ಮಾತು. "ಹೊರಗಾಗ್ಯಾಳ" ಅಂತ ಹುಡುಗಿಯನ್ನು ಮೂಲೆಗೆ ಕೂಡಿಸಿ, ನೆಲದ ಮೇಲೆ ಚಾಪೆ ಹಾಕಿ, ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಸರೆ ಪಟ್ಟಿ), ವಾಕರ್ ಮುಟ್ಟಗೊಡದೆ ಇಡುತ್ತಾರೆ. ತಿಂಗಳಿಗೆ ಐದು ದಿನ ವ್ಯಾಯಾಮ ಇಲ್ಲ ಅಂದರೆ ವರ್ಷಕ್ಕೆ ಅರವತ್ತು ದಿನ. ನೀರಿನ ಹಾಸಿಗೆ ಬಿಟ್ಟು ಗಟ್ಟಿ ನೆಲದ ಮೇಲೆ, ಎರಡು ಗಂಟೆಗೊಮ್ಮೆ ಹೊರಳಿಸಲು ಯಾರೂ ಮುಟ್ಟದೆ ಮಲಗಿದರೆ ಆ ಐದು ದಿನದಲ್ಲೇ ಹುಣ್ಣು ಬೀಳುತ್ತದೆ. ಅಜ್ಜಿಯ ಜೊತೆ ಮೈಲಿಗೆ ಸರಿಯೋ ತಪ್ಪೋ ಅಂತ ವಾದಕ್ಕೆ ಇಳಿದರೆ ಸೋಲುವವರು ನೀವೇ. ನಾನು ಕೇಳುವುದು ಒಂದೇ: "ಯಮ್ಮಾ, ಆ ಐದ್ ದಿನ ಬಿಪಿ ಗುಳಿಗಿ ನಿಲ್ಲಸ್ತಿದ್ರೇನ್ರಿ ನೀವು? ಇದೂ ಗುಳಿಗಿ ಇದ್ದಂಗ." ಬಹಳ ಮನೆಗಳಲ್ಲಿ ವಾಕರ್ ವಾಪಸ್ ಬಂದಿದೆ. ಹಾಸಿಗೆಯ ಮೇಲೆ ಬೇರೆ ಹೊದಿಕೆ ಹಾಕಿಕೊಳ್ಳಲಿ, ಅಷ್ಟಕ್ಕೆ ನಾನು ತಕರಾರು ಮಾಡುವುದಿಲ್ಲ.

ಬುದ್ಧಿಮಾಂದ್ಯ ಇರುವ ಹುಡುಗಿಯರ ತಾಯಂದಿರು ಮೆಲ್ಲಗೆ ಕೇಳುತ್ತಾರೆ, "ಗರ್ಭಚೀಲ ತೆಗಿಸಿಬಿಡಬಹುದೇನ್ರಿ?" ಬೈಯಬೇಡಿ, ಆ ತಾಯಿ ಸೋತಿದ್ದಾಳೆ. ಆದರೆ ಉತ್ತರ ಸ್ಪಷ್ಟ ಇರಲಿ: ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ವ್ಯಕ್ತಿಯ ಸ್ವಂತ, ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಸಂತಾನಶಕ್ತಿ ಕಳೆಯುವ ಚಿಕಿತ್ಸೆ ಮಾಡುವಂತಿಲ್ಲ. ಬದಲಿಗೆ ಮುಟ್ಟು ಶುರುವಾಗುವ ಮೊದಲೇ ಒಣ ಪ್ಯಾಡು ಚಡ್ಡಿಗೆ ಅಂಟಿಸಿ ಹಾಕಿಕೊಂಡು ಕೂರುವ ಅಭ್ಯಾಸ ಮಾಡಿಸಿ. ನೀರಿಗೆ ಕುಂಕುಮ ಕಲಸಿ ಪ್ಯಾಡಿನ ಮೇಲೆ ಎರಡು ಹನಿ ಹಾಕಿ ತೋರಿಸಿ, ಕಂಡಾಗ ಹೆದರುವುದಿಲ್ಲ. ಬದಲಿಸುವುದು, ಸುತ್ತುವುದು, ಡಬ್ಬಿಗೆ ಹಾಕುವುದು: ಒಂದೊಂದಕ್ಕೆ ಒಂದೊಂದು ವಾರ ಕೊಟ್ಟರೂ ನಷ್ಟವಿಲ್ಲ.

7. ಹುಡುಗನ ನೋವು

"ಗಂಡ್ಸಾಗಿ ಅಳ್ತೀಯೇನೋ" ಅನ್ನುವ ಮಾತು ನಿಮ್ಮ ವಿಭಾಗದಲ್ಲಿ ಯಾರ ಬಾಯಲ್ಲೂ ಬರಕೂಡದು, ಜೊತೆಗೆ ಬಂದ ಮಾವನ ಬಾಯಲ್ಲಿಯೂ. ಹುಡುಗರು ನೋವು ಕಡಿಮೆ ಹೇಳುತ್ತಾರೆ. ಸೊನ್ನೆಯಿಂದ ಹತ್ತರವರೆಗೆ ನಂಬರ್ ಕೇಳಿದರೆ ಮೂರು ಅನ್ನುತ್ತಾನೆ, ಕೈ ಮಂಚದ ಕಂಬಿ ಹಿಡಿದು ಬೆಳ್ಳಗಾಗಿರುತ್ತದೆ. ಕೈ ನೋಡಿ.

ಕಾಲು ಕಳೆದುಕೊಂಡ ಹದಿನೇಳರ ಹುಡುಗನಿಗೆ ತಾನು ಇನ್ನು ದುಡಿಯಲಾರೆ, ಮನೆಗೆ ಭಾರ ಅನ್ನುವ ಯೋಚನೆ ಒಳಗೆ ತಿನ್ನುತ್ತಿರುತ್ತದೆ. ಸುಮ್ಮನಾದ, ಊಟ ಬಿಟ್ಟ, ವ್ಯಾಯಾಮಕ್ಕೆ ಬರಲೊಲ್ಲ ಅಂದರೆ ಸೋಮಾರಿತನ ಅನ್ನಬೇಡಿ. ಸಾಯುವ ಯೋಚನೆ ಬರುತ್ತದಾ ಅಂತ ನೇರ ಕೇಳಿ, ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಬರುತ್ತದೆ ಅಂದರೆ ಒಬ್ಬನನ್ನೇ ಬಿಡದೆ ಅದೇ ದಿನ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು.

8. ಗುರಿ ಯಾರದು?

ಹುಡುಗನ ಶೀಟಿನಲ್ಲಿ "ಶಾಲೆಗೆ ಹೋಗುವುದು", ಹುಡುಗಿಯ ಶೀಟಿನಲ್ಲಿ "ಮನೆಗೆಲಸ ಮಾಡುವುದು" ಅಂತ ಕೈ ತಾನಾಗಿ ಬರೆಯುತ್ತದೆ. ರೊಟ್ಟಿ ಬಡಿಯುವುದು ಕೈಗೆ ಒಳ್ಳೆಯ ವ್ಯಾಯಾಮವೇ, ಹುಡುಗನಿಗೂ ಮಾಡಿಸಿ. ಆದರೆ ನಾನು ಕಂಡ ಒಂಬತ್ತನೇ ಕ್ಲಾಸಿನ ಹುಡುಗಿಗೆ ಬೇಕಿದ್ದದ್ದು ಬಸ್ಸಿನ ಮೊದಲ ಮೆಟ್ಟಿಲು ಹತ್ತುವುದು. ಅಷ್ಟೆತ್ತರದ ಮರದ ಪೆಟ್ಟಿಗೆ ಇಟ್ಟು, ಕಂಬಿ ಹಿಡಿದು, ಬೆನ್ನಿಗೆ ಶಾಲೆ ಚೀಲ ಹಾಕಿಸಿಯೇ ಹತ್ತಿಸಿದೆವು. ತಾಯಿ ಹೇಳಿದ್ದು ರೊಟ್ಟಿ. ಅದನ್ನು ಎರಡನೇ ಗುರಿ ಅಂತ ಬರೆದೆವು.

9. ಮಗು ಬಾಯಿ ಬಿಟ್ಟರೆ

ಯಾರೋ ಕೆಟ್ಟದಾಗಿ ಮುಟ್ಟಿದ್ದಾರೆ ಅಂತ ಮಗು ಹೇಳಿದರೆ, ಅಥವಾ ನಿಮಗೆ ಹಾಗೆ ಅನುಮಾನ ಬಂದರೆ, ಪೋಕ್ಸೊ ಅಂದರೆ ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ ನಿಮಗೇ ಆರು ತಿಂಗಳವರೆಗೆ ಜೈಲು ಅಥವಾ ದಂಡ ಆಗಬಹುದು. ಹುಡುಗನಿಗೂ ಇದೇ ಕಾನೂನು. ಹದಿನೆಂಟರೊಳಗೆ ಮದುವೆಯಾಗಿ ಬಸಿರಾಗಿ ಬಂದವಳಿಗೂ ಇದೇ. "ಯಾರಿಗೂ ಹೇಳಂಗಿಲ್ಲ" ಅಂತ ಮಾತು ಕೊಡಬೇಡಿ, ಆಮೇಲೆ ಮುರಿಯಬೇಕಾಗುತ್ತದೆ. "ಹೇಳಿದ್ದು ಚಲೋ ಮಾಡಿದಿ, ನಿಂದೇನೂ ತಪ್ಪಿಲ್ಲ, ಸಹಾಯ ಮಾಡೋರಿಗೆ ಹೇಳ್ತೀನಿ" ಅನ್ನಿ. ಮಗುವಿನ ಮಾತನ್ನು ಅದು ಹೇಳಿದಂತೆಯೇ ಬರೆದಿಡಿ. ಕೆದಕಿ ಕೆದಕಿ ಕೇಳಬೇಡಿ. ಮಕ್ಕಳ ಸಹಾಯವಾಣಿ 1098. ಆ ಪ್ರಕರಣದಲ್ಲಿ ಹುಡುಗಿಯ ವೈದ್ಯಕೀಯ ಪರೀಕ್ಷೆಯನ್ನು ಮಹಿಳಾ ವೈದ್ಯರೇ ಮಾಡಬೇಕು. ಲೇಡಿ ಡಾಕ್ಟರು ಇಲ್ಲ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

10. ಮನೆಗೆ ಕಳಿಸುವಾಗ

ತಾಯಿಯ ಮೇಲೆ ಹೊರಿಸಿದ ಅಪವಾದ ಇದ್ದರೆ ಇಳಿಸಿ ಕಳಿಸಿ. ಡುಶೆನ್ ಅನ್ನುವ ಸ್ನಾಯು ಸೊರಗುವ ಕಾಯಿಲೆ ಹೆಚ್ಚಾಗಿ ಗಂಡುಮಕ್ಕಳಿಗೇ ಬರುತ್ತದೆ. ಎಷ್ಟೋ ಸಲ ವಂಶವಾಹಿಯ ದೋಷ ತಾಯಿಯಿಂದ ಬಂದಿರುತ್ತದೆ, ಕೆಲವು ಸಲ ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ. ಯಾರ ತಪ್ಪೂ ಅಲ್ಲ ಅನ್ನುವುದನ್ನು ಗಂಡ, ಅತ್ತೆ ಎದುರಿಗೇ ಹೇಳಿ. ತಾಯಿಗೆ ಒಬ್ಬಳಿಗೇ ಹೇಳಿದರೆ ಅದು ಮನೆ ಮುಟ್ಟುವುದಿಲ್ಲ.

ಮನೆ ಒಂದೇ ಅಂಕಣದ್ದಾದರೆ ಗಂಡಸರು ಹೊಲಕ್ಕೆ ಹೋದ ಹೊತ್ತನ್ನು ಹುಡುಗಿಯ ವ್ಯಾಯಾಮಕ್ಕೆ ಗೊತ್ತು ಮಾಡಿ. ಮರುಭೇಟಿಗೆ ಹುಡುಗನನ್ನು ಕರೆತರುತ್ತಾರೆ, ಹುಡುಗಿಯದು "ಸುಗ್ಗಿ ಮುಗೀಲಿ" ಅಂತ ಮುಂದಕ್ಕೆ ಹೋಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿ-ಮಗಳಿಬ್ಬರಿಗೂ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ ಅನ್ನುವುದನ್ನು ನೆನಪಿಸಿ. ಆಧಾರ್ ಕಾರ್ಡು ಜೊತೆಗಿರಲಿ. ಹುಡುಗನಿಗೆ ವಿಕಲಚೇತನರ ರಿಯಾಯಿತಿ ಪಾಸಿಗೆ ಅರ್ಜಿ ಹಾಕಿಸಿ.

ಫೋನ್ ನಂಬರು ಬರೆದುಕೊಳ್ಳುವಾಗ ಅಪ್ಪನದೊಂದೇ ಬರೆದುಕೊಳ್ಳಬೇಡಿ. ಆತ ಗುಳೆ ಹೋದರೆ ಫೋನೂ ಬೆಂಗಳೂರಿಗೆ ಹೋಗುತ್ತದೆ. ಆಶಾ ಕಾರ್ಯಕರ್ತೆಯದೋ, ಪಕ್ಕದ ಮನೆಯವರದೋ ಇನ್ನೊಂದು ನಂಬರು ಇರಲಿ. ಫೋನು ಮಾಡಿದಾಗ "ಹೆಂಗದಾಳ್ರಿ?" ಅಂತ ಕೇಳಿ ಇಟ್ಟುಬಿಡಬೇಡಿ, "ಅಕಿ ಕೈಯಾಗ ಕೊಡ್ರಿ ಒಂಚೂರು" ಅನ್ನಿ.